ಧಣಿ ಕೊಟ್ಟ ಉಣ್ಣೆ

ನನ್ನ ತಂಗಿ ಅಲ್ಬಾನಿಯ ಕುತ್ತಿಗೆಯ ಮೇಲೆ ಗುಳ್ಳೆ ಎದ್ದಾಗ ಅದು ನೋಯುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಆದರೆ ಮೊದಲು ಉಣ್ಣೆಯ ವಿಷಯ ಹೇಳಬೇಕು. ಉಣ್ಣೆ ಬಿಟ್ಟರೆ ನಮ್ಮ ಊರು ಪೇರನೆಗ್ರದಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ. ಕಪ್ಪು ಬೆಟ್ಟದಲ್ಲಿ ಒಂದು ಸೀಳು. ಸೀಳಿನ ತಳದಲ್ಲಿ ಹೊಳೆ. ಹೊಳೆಯ ಉದ್ದಕ್ಕೂ ಮೆಟ್ಟಿಲು ಇಟ್ಟ ಹಾಗೆ ಗಿರಣಿಗಳು. ಮೇಲಿನ ಗಿರಣಿ ಬಿಟ್ಟ ನೀರು ಕೆಳಗಿನದಕ್ಕೆ, ಅದು ಬಿಟ್ಟದ್ದು ಅದರ ಕೆಳಗಿನದಕ್ಕೆ. ಬಯಲು ಮುಟ್ಟುವ ಹೊತ್ತಿಗೆ ಆ ನೀರಿಗೆ ನೀರಿನ ಬಣ್ಣ ಉಳಿದಿರುತ್ತಿರಲಿಲ್ಲ. ಬಿಸಿಲು ನಡುಹಗಲಿಗೆ ಇಣುಕಿ ಹೋಗುತ್ತಿತ್ತು. ನಾವು ಗುಡ್ಡದ ಮೇಲಿನ ಹಳೇ ಊರಿನಲ್ಲಿ ಇದ್ದೆವು. ಕೆಲಸಕ್ಕೆ ಇಳಿಯುವುದು, ಮನೆಗೆ ಹತ್ತುವುದು. ನಮ್ಮ ಗಿರಣಿಯ ಧಣಿ ವೇಸಾದರ ಮನೆ ಕಣಿವೆಯ ತಲೆಯಲ್ಲಿ, ಎಲ್ಲ ಗಿರಣಿಗಳಿಗೂ ಮೇಲೆ, ಹೊಳೆ ಇನ್ನೂ ತಿಳಿಯಾಗಿ ಹರಿಯುವ ಕಡೆ. ಅಂಗಳದಲ್ಲಿ ದೊಡ್ಡ ದೇವದಾರು ಮರ.

ನನ್ನ ಅಜ್ಜನ ಕಾಲದಲ್ಲಿ ಮನೆಮನೆಯಲ್ಲೂ ಮಗ್ಗ ಇತ್ತಂತೆ. ಮಗ್ಗ ಸತ್ತವು. ಆಗ ಧಣಿಯ ಅಜ್ಜ ಸಮುದ್ರದಾಚೆಯಿಂದ ಕುರಿ ತೊಗಲು ತರಿಸಿದ, ಉಣ್ಣೆ ಸಮೇತ. ಅರ್ಜೆಂಟೀನ ಎನ್ನುವ ದೇಶದಿಂದ. ಆ ಕುರಿಗಳನ್ನು ಜೀವಂತ ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ಕಡೆಗೆ ಕುದುರೆಗಾಡಿಯಲ್ಲಿ ಮೂಟೆ ಕಣಿವೆಗೆ ಬರುತ್ತಿದ್ದವು. ಗಂಡಸರು ಮೂಟೆ ಬಿಚ್ಚಿ ತೊಗಲನ್ನು ನೀರಿಗೆ ಹಾಕುವರು. ಆಮೇಲೆ ಬೆವರುಕೋಣೆ. ಕತ್ತಲೆ, ಕಾವು, ಹಬೆ. ಕಣ್ಣು ಸುಡುವ ನಾತ. ಅಲ್ಲಿ ತೊಗಲು ನೇತುಬಿದ್ದು ಕೊಳೆಯಲು ತೊಡಗುತ್ತದೆ. ಪೂರ್ತಿ ಕೊಳೆಯುವ ಮೊದಲು ಉಣ್ಣೆಯ ಬೇರು ಸಡಿಲವಾಗುತ್ತದೆ. ಆಗ ಅದನ್ನು ಇಳಿಜಾರು ಹಲಗೆಯ ಮೇಲೆ ಹಾಸಿ ಮೊಂಡು ಕತ್ತಿಯಿಂದ ತಳ್ಳಿ ತಳ್ಳಿ ಸುಲಿಯಬೇಕು. ಅದು ಹೆಂಗಸರ ಕೆಲಸ. ನಾನು ಸುಲಿದೆ. ನನ್ನ ಅವ್ವ ಸುಲಿದಳು. ಬೆರಳ ಸಂದಿಯ ಚರ್ಮ ಬೆಂದು ಬಿಳಿಯಾಗಿ ಕಿತ್ತುಬರುತ್ತಿತ್ತು. ಯಾವುದು ಕುರಿಯದು, ಯಾವುದು ನಮ್ಮದು ಎಂದು ನಾವೇ ತಮಾಷೆ ಮಾಡುತ್ತಿದ್ದೆವು.

ಉಣ್ಣೆ ಉತ್ತರದ ನೂಲಿನ ಗಿರಣಿಗಳಿಗೆ. ಬೋಳು ತೊಗಲು ಕೈಗವಸು ಹೊಲಿಯುವವರಿಗೆ. ದುಡ್ಡು ಮೇಲಿನ ಮನೆಗೆ. ನಾತ ನಮಗೆ.

ಆ ನಾತ ಸಾಬೂನಿಗೆ ಹೋಗುವಂಥದ್ದಲ್ಲ. ಕೂದಲಲ್ಲಿ, ಉಗುರಲ್ಲಿ, ಮಲಗಿದರೆ ಉಸಿರಲ್ಲಿ. ಕೆಳಗಿನ ಪೇಟೆಯಲ್ಲಿ ರೊಟ್ಟಿ ಅಂಗಡಿಯವಳು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯಿಂದ ರೊಟ್ಟಿ ಕೊಡುವಳು, ಇಕ್ಕಳದಲ್ಲಿ ಹಿಡಿದು. ರೈಲಿನಲ್ಲಿ ಕಡೆಯ ಡಬ್ಬಿ ನಮ್ಮದು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ, ನಾವು ಹತ್ತಿದ ಡಬ್ಬಿಯಿಂದ ಉಳಿದವರು ಇಳಿದು ಹೋಗುತ್ತಿದ್ದರು. ಶಾಲೆಯಲ್ಲಿ ನಮ್ಮ ಮನೆಮಾತು ಆಡಿದ್ದಕ್ಕೆ ಮೇಷ್ಟ್ರು ನನ್ನ ಕೊರಳಿಗೆ ಮರದ ಮೆಟ್ಟು ಕಟ್ಟಿದರು. ಅದನ್ನು ಬಿಚ್ಚಿಟ್ಟು ಗಿರಣಿಗೆ ಹೋದವಳು ಮತ್ತೆ ಶಾಲೆಗೆ ಹೋಗಲಿಲ್ಲ.

ಒಂದು ಮಾತ್ರ ನಮ್ಮದು ಅಂತ ಇತ್ತು. ಅದು ಮದುಮಗಳ ಚಿಟಿಕೆ. ಗಿರಣಿಯ ಹುಡುಗಿಗೆ ಮದುವೆ ಗೊತ್ತಾದರೆ ಸುಲಿಯುವ ಹೆಂಗಸರೆಲ್ಲ ಒಳ್ಳೆಯ ತೊಗಲು ಬಂದಾಗ ಒಂದೊಂದು ಚಿಟಿಕೆ ಉಣ್ಣೆ ಎತ್ತಿಡುವರು. ತಲೆವಸ್ತ್ರದೊಳಗೆ, ಮೆಟ್ಟಿನೊಳಗೆ. ಭುಜದ ಉಣ್ಣೆಯೇ ಆಗಬೇಕು, ಅದು ಮೃದು. ಮದುವೆಯ ಹೊತ್ತಿಗೆ ಒಂದು ಹಾಸಿಗೆಗೆ ಆಗುವಷ್ಟು ಆಗುತ್ತಿತ್ತು. ಹಾಸಿಗೆ ಇಲ್ಲದೆ ನಮ್ಮಲ್ಲಿ ಮದುವೆ ಇಲ್ಲ. ಅದರ ಮೇಲೇ ಹೆರಿಗೆ, ಅದರ ಮೇಲೇ ಸಾವು. ಹಳೇ ಧಣಿ ಕಂಡೂ ಕಾಣದ ಹಾಗಿದ್ದ.

ದೊಡ್ಡ ಯುದ್ಧ ಮುಗಿದ ಮೇಲೆ ಮಗ ಧಣಿಯಾದ. ಚಿಟಿಕೆ ಕಳ್ಳತನ ಎಂದ. ಮೇಸ್ತ್ರಿ ರುವಾನೆ ಸಂಜೆ ನಮ್ಮನ್ನು ಸಾಲಾಗಿ ನಿಲ್ಲಿಸಿದ. ತಲೆವಸ್ತ್ರ ಬಿಚ್ಚಿಸಿದ. ಮೆಟ್ಟು ಬಿಡಿಸಿ ಕೊಡವಿಸಿದ. ಆಮೇಲೆ ರವಿಕೆ.

ಫಿಲೊಮೆನ್ ಅತ್ತೆ ನಮ್ಮೆಲ್ಲರಿಗೂ ಹಿರಿಯಳು. ನಮ್ಮವ್ವನ ಜೊತೆ ಸುಲಿದವಳು. ಅವಳ ಸರದಿ ಬಂದಾಗ ತಾನೇ ಗುಂಡಿ ಬಿಚ್ಚಿದಳು.

"ನೋಡಪ್ಪ ರುವಾನೆ. ನಿಮ್ಮವ್ವನಿಗೆ ಹಾಲು ಬತ್ತಿದಾಗ ನೀನು ಕುಡಿದದ್ದು ಇದನ್ನೇ. ಉಣ್ಣೆ ಸಿಕ್ತಾ ಆಗ?"

ರುವಾನೆ ಮುಖ ತಿರುಗಿಸಿದ. ಆದರೆ ಮರುದಿನವೂ ಸಾಲು ನಿಂತಿತು.

ಆ ಚಳಿಗಾಲದಲ್ಲೇ ಒಂದು ರಾಶಿ ತೊಗಲು ಬಂತು. ಬಿಚ್ಚಿದ್ದು ಮುದುಕ ಉಲಿಸ್. ತೊಗಲಿನ ಮಾಂಸದ ಕಡೆ ಕಡುಗೆಂಪು, ಹೆಪ್ಪುಗಟ್ಟಿದ ಹಾಗೆ. ಕೊಯ್ದ ಕುರಿಯ ತೊಗಲು ಹಾಗಿರುವುದಿಲ್ಲ. ರಕ್ತ ಒಳಗೇ ನಿಂತು ಸತ್ತ ಕುರಿಗಳು ಅವು. ಸುಲಿಯುವಾಗ ಉಣ್ಣೆಯಲ್ಲಿ ಅಂಟುಮುಳ್ಳು ಸಿಕ್ಕಿತು. ಬೇರೆ ಮೂಟೆಗಳಲ್ಲಿ ಬರುವ ಮುಳ್ಳು ಹಳದಿ, ದುಂಡಗೆ. ಇದು ಕಪ್ಪು, ಎರಡು ಕೊಕ್ಕೆ. ಕೈಗೆ ಹತ್ತಿದರೆ ರಕ್ತ ತೆಗೆದೇ ಬಿಡುವುದು.

ಉಲಿಸನ ಮುಂಗೈಯಲ್ಲಿ ಗುಳ್ಳೆ ಎದ್ದಿತು. ನಡುವೆ ಕಪ್ಪಾಯಿತು, ಒಲೆಯಿಂದ ತೆಗೆದ ಕೆಂಡ ಆರಿದ ಹಾಗೆ. ಕುರಿಗೆ ಬಂದರೆ ಅದು ನೆರಡಿ ರೋಗ. ಮನುಷ್ಯನಿಗೆ ಬಂದರೆ ನಾವು ಇದ್ದಿಲು ಎನ್ನುತ್ತಿದ್ದೆವು. ಇದ್ದಿಲಿನ ಗುಳ್ಳೆ ನೋಯುವುದಿಲ್ಲ. ಗಿರಣಿಯ ಡಾಕ್ಟರು ಬಂದು ನೋಡಿ, ತುಕ್ಕು ಮೊಳೆ ಚುಚ್ಚಿ ನಂಜಾಗಿದೆ ಎಂದ. ಉಲಿಸ್ ಸತ್ತ. ಅವನ ಹೆಂಡತಿ ಮೊಳೆ ಹುಡುಕಿದಳು, ಪಾಪ. ಮೂಟೆ ಬಿಚ್ಚುವ ಕೋಣೆಯಲ್ಲೆಲ್ಲ ಹುಡುಕಿದಳು.

ಡಾಕ್ಟರು ಇದ್ದಿಲು ಎಂದು ಬಾಯಿಬಿಟ್ಟರೆ ಸರ್ಕಾರದವರು ಗಿರಣಿಗೆ ಬೀಗ ಹಾಕುತ್ತಾರೆ. ಅದು ನಮಗೂ ಗೊತ್ತಿತ್ತು. ಆ ರಾಶಿಯ ಉಣ್ಣೆಯನ್ನು ಉತ್ತರದವರು ಕೊಳ್ಳಲಿಲ್ಲ ಎಂದು ಸುದ್ದಿ ಬಂತು. ಅದು ಮಾಳಿಗೆಯಲ್ಲಿ ಬಿದ್ದಿತ್ತು. ನಾವು ಆ ಏಣಿಯ ಕಡೆ ಹೋಗುತ್ತಿರಲಿಲ್ಲ.

ಚೆಸ್ಟ್‌ನಟ್ ಮರಗಳು ಚಿಗುರುವಾಗ ಅಲ್ಬಾನಿಯ ಮದುವೆ ಗೊತ್ತಾಯಿತು. ಹುಡುಗ ಮಾರ್ಸಲಿನ್, ಸ್ಟೇಷನ್ನಿನಿಂದ ಮೂಟೆ ಹೇರಿ ತರುವ ಗಾಡಿಯವನು. ಹಾಸಿಗೆಗೆ ಉಣ್ಣೆ ಇಲ್ಲ. ಅಲ್ಬಾನಿ ಅತ್ತಳು. ಹುಲ್ಲು ತುಂಬಿಸಿಕೊಳ್ಳೋಣ ಎಂದೆ. "ಹುಲ್ಲಿನ ಮೇಲೆ ಮಲಗೋಕೆ ನಾನೇನು ಮಾರ್ಸಲಿನ್‌ನ ಕುದುರೆಯಾ ಅಕ್ಕ?" ಎಂದಳು. ಅಳುವಾಗಲೂ ಅವಳು ಹಾಗೇ.

ಧಣಿಯ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ತಾನೇ ನಮ್ಮ ಹಲಗೆಗಳ ಹತ್ತಿರ ಬಂದ. ಕರವಸ್ತ್ರ ಮೂಗಿಗೆ ಹಿಡಿದಿದ್ದ.

"ಕದಿಯುವುದು ಬೇಡ. ನಾನೇ ಕೊಡ್ತೇನೆ. ಇನ್ನು ಮೇಲೆ ನನ್ನ ಗಿರಣಿಯ ಪ್ರತಿ ಮದುಮಗಳಿಗೂ ಒಂದು ಮೂಟೆ ಉಣ್ಣೆ, ನನ್ನ ಉಡುಗೊರೆ."

ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರುವಾನೆಯೇ ಮೂಟೆಯನ್ನು ಹೊತ್ತು ಗುಡ್ಡ ಹತ್ತಿದ. ಹೊಸ ಗೋಣಿ, ಅದಕ್ಕೆ ನೀಲಿ ರಿಬ್ಬನ್ನು. ಅಲ್ಬಾನಿ ರಿಬ್ಬನ್ನನ್ನು ಮೊದಲು ಬಿಚ್ಚಿ ಜಡೆಗೆ ಕಟ್ಟಿಕೊಂಡಳು.

ಉಣ್ಣೆ ಹಿಂಜುವ ದಿನ ನಮ್ಮಲ್ಲಿ ಹಬ್ಬವೇ. ಮೂಟೆಯನ್ನು ಮೊದಲೇ ಬಿಚ್ಚಿ ನೋಡುವ ಹಾಗಿಲ್ಲ, ಅದು ಅಪಶಕುನ. ಮದುಮಗಳೇ ಅದರ ಹೊಲಿಗೆಯನ್ನು ಹಲ್ಲಿನಲ್ಲಿ ಕಡಿಯಬೇಕು. ಆಮೇಲೆ ಅವಳನ್ನು ನಡುವೆ ಕೂರಿಸಿ, ಸುತ್ತ ಕೂತ ಹೆಂಗಸರು ಉಣ್ಣೆ ಹಿಂಜುತ್ತ ಹಿಂಜುತ್ತ ಅವಳ ತಲೆಯ ಮೇಲೆ ಎರಚುತ್ತಾರೆ. ಮೊಳಕಾಲು ಮುಚ್ಚಬೇಕು, ಎದೆ ಮುಚ್ಚಬೇಕು, ಮುಖ ಒಂದು ಉಳಿಯಬೇಕು. ಆಗ ಅವಳಿಗೆ ಒಂದು ಲೋಟ ವೈನು.

"ತೆಳುವಾಗಿ ಹಿಂಜ್ರೇ, ಉಂಡೆ ಬಿಡಬೇಡಿ," ಫಿಲೊಮೆನ್ ಅತ್ತೆ ಗದರಿದಳು. "ಮೊದಲ ರಾತ್ರಿ ಬೆನ್ನಿಗೆ ಚುಚ್ಚಿದರೆ ಹುಡುಗಿ ನಮ್ಮನ್ನ ಶಪಿಸ್ತಾಳೆ."

"ಬೆನ್ನಿನ ಯೋಚನೆ ಎಲ್ಲಿರುತ್ತೆ ಬಿಡತ್ತೆ ಆಗ," ಎಂದಳು ಯಾರೋ.

"ಗಾಡಿ ಹೊಡೆಯೋನು ಕಣೆ. ರಸ್ತೆ ಹಳ್ಳ ಇದ್ರೂ ನಿಲ್ಲಿಸಲ್ಲ!"

ಅಲ್ಬಾನಿ ಉಣ್ಣೆಯೊಳಗೆ ಮುಖ ಹುದುಗಿಸಿಕೊಂಡು ನಕ್ಕಳು. ಮುಖ ಎತ್ತಿದಾಗ ಕುತ್ತಿಗೆಯನ್ನು ಕೆರೆದುಕೊಂಡಳು. ಏನೋ ಗೀರಿದೆ ಎಂದಳು. ಒಂದು ಹನಿ ರಕ್ತ. ಬೆರಳಿಂದ ಒರೆಸಿಕೊಂಡು ವೈನು ಕುಡಿದಳು.

ಹಾಡುತ್ತ ಹಾಡುತ್ತ ಸಂಜೆಯ ಹೊತ್ತಿಗೆ ಹಾಸಿಗೆಯ ಗವುಸು ತುಂಬಿ ಹೊಲಿಗೆ ಮುಗಿಯುತ್ತ ಬಂದಿತ್ತು. ಕಡೆಯ ಮೂಲೆ ಫಿಲೊಮೆನ್ ಅತ್ತೆಯದು. ದಬ್ಬಣ ಎಳೆಯುತ್ತಿದ್ದವಳು ನಿಲ್ಲಿಸಿದಳು. ಗವುಸಿನ ಬಟ್ಟೆಯನ್ನೇ ತೂರಿಕೊಂಡು ಏನೋ ಹೊರಗೆ ಬಂದಿತ್ತು. ಉಗುರಲ್ಲಿ ಹಿಡಿದು ಕಿತ್ತು ಅಂಗೈ ಮೇಲೆ ಇಟ್ಟುಕೊಂಡಳು.

ಕಪ್ಪು. ಎರಡು ಕೊಕ್ಕೆ.

ಹಾಡು ಒಬ್ಬೊಬ್ಬರ ಬಾಯಲ್ಲೇ ನಿಂತಿತು. ಒಬ್ಬಳು ಎದ್ದು ಹೋಗಿ ಬೂದಿ ನೀರಿನಲ್ಲಿ ಕೈ ತಿಕ್ಕತೊಡಗಿದಳು. ಎಲ್ಲರೂ ಎದ್ದರು. ನಾನು ಅಲ್ಬಾನಿಯ ಕುತ್ತಿಗೆಯನ್ನು ತಿಕ್ಕಿದೆ. ಚರ್ಮ ಕೆಂಪಗಾಗುವ ತನಕ ತಿಕ್ಕಿದೆ.

"ಬಿಡೇ ಅಕ್ಕ, ನಾನೇನು ತೊಗಲಾ?" ಎಂದಳು.

ಮೂರನೆಯ ದಿನ ಗುಳ್ಳೆ ಎದ್ದಿತು.

"ನೋವಿದೆಯಾ?"

"ಇಲ್ಲ ಕಣೆ. ಸ್ವಲ್ಪ ತುರಿಕೆ."

"ನೋವಿದೆ ಅನ್ನು."

"ಇಲ್ಲದ್ದನ್ನ ಇದೆ ಅಂತ ಹೇಗೆ ಅನ್ನಲಿ?"

ಮರುದಿನ ನಡುವೆ ಕಪ್ಪು. ಸುತ್ತ ಸಣ್ಣ ನೀರುಗುಳ್ಳೆಗಳು, ಮಣಿಸರ ಕಟ್ಟಿದ ಹಾಗೆ. ಕಮ್ಮಾರ ಬಾರ್ತೆಸ್ ಇಂಥ ಗುಳ್ಳೆಗಳನ್ನು ಕಾದ ಕಬ್ಬಿಣದಲ್ಲಿ ಸುಟ್ಟು ಕೆಲವರನ್ನು ಉಳಿಸಿದ್ದ. ಅವನು ಕಬ್ಬಿಣ ಕಾಯಿಸಿಕೊಂಡೇ ಬಂದ. ಬೆಳಕಿಗೆ ಅವಳ ಮುಖ ತಿರುಗಿಸಿ ನೋಡಿದ. ಕಬ್ಬಿಣವನ್ನು ನೀರಿನ ಬಕೆಟ್ಟಿಗೆ ಅದ್ದಿದ. ಚುಸ್ ಎಂದಿತು.

"ಕೈಯಾಗಿದ್ರೆ ಸುಡ್ತಿದ್ದೆ. ಕಾಲಾಗಿದ್ರೆ ಸುಡ್ತಿದ್ದೆ. ಇದು ಕುತ್ತಿಗೆಯ ದೊಡ್ಡ ನರದ ಮೇಲೆ ಕೂತಿದೆ. ನಾನೇ ಕೊಂದ ಹಾಗಾಗುತ್ತೆ." ಬಾಗಿಲಲ್ಲಿ ನಿಂತು ಹೇಳಿದ, "ತುಲೂಸ್ ಆಸ್ಪತ್ರೆಯಲ್ಲಿ ಇದಕ್ಕೆ ಸೂಜಿಮದ್ದು ಇದೆಯಂತೆ. ಡಾಕ್ಟರು ತಂತಿ ಹೊಡೆದರೆ ರೈಲಿನಲ್ಲಿ ಕಳಿಸ್ತಾರಂತೆ."

ಡಾಕ್ಟರನ್ನು ಕರೆತಂದೆ. ಅವನು ಹಾಸಿಗೆಯ ಹತ್ತಿರ ಬರಲಿಲ್ಲ. ಕಿಟಕಿ ತೆರೆಸಿ ಅಲ್ಲಿಂದಲೇ ನೋಡಿದ.

"ಸೊಳ್ಳೆ ಕಚ್ಚಿದೆ. ವಿನೆಗರ್ ಬಟ್ಟೆ ಇಡಿ."

"ಇದು ಇದ್ದಿಲು, ಡಾಕ್ಟ್ರೇ. ತುಲೂಸಿಗೆ ತಂತಿ ಹೊಡೀರಿ."

"ಏನಂತ ಹೊಡೀಲಿ? ಸೊಳ್ಳೆಗೆ ಮದ್ದು ಕಳಿಸಿ ಅಂತಲಾ?"

"ಕಾಯಿಲೆ ಹೆಸರು ಹೇಳಿ."

"ಹೆಸರು ಇಡೋದು ನನ್ನ ಕೆಲಸ ಕಣಮ್ಮ. ನಿಂದು ಉಣ್ಣೆ ಸುಲಿಯೋದು."

ಹೆಸರು ಹೇಳಿದರೆ ಮದ್ದು ಬರುತ್ತದೆ. ಹೆಸರು ಹೇಳಿದರೆ ಗಿರಣಿ ಮುಚ್ಚುತ್ತದೆ. ಅವನು ಟೋಪಿ ಹಾಕಿಕೊಂಡು ಇಳಿದುಹೋದ.

ಭಾನುವಾರ ಬೆಳಿಗ್ಗೆ ಅಲ್ಬಾನಿಯ ಮುಖ ಬಾತು ಒಂದು ಕಣ್ಣು ಮುಚ್ಚಿಹೋಗಿತ್ತು. ಗದ್ದದಿಂದ ಎದೆಯ ತನಕ ಊತ, ಒತ್ತಿದರೆ ಕುಳಿ ಬೀಳದ ಊತ. ಮಾರ್ಸಲಿನ್ ಗೋಡೆಗೆ ತಲೆ ಆನಿಸಿ ಕೂತಿದ್ದ. ಆ ಮೂಟೆಗಳನ್ನು ಸ್ಟೇಷನ್ನಿನಿಂದ ತಂದದ್ದು ಅವನ ಗಾಡಿ. ಮದುವೆಯ ಹಾಸಿಗೆ ಮೂಲೆಯಲ್ಲಿ ನಿಂತಿತ್ತು. ಯಾರೂ ಮುಟ್ಟಿರಲಿಲ್ಲ. ಅಲ್ಬಾನಿ ಉಳಿದ ಒಂದು ಕಣ್ಣಿನಿಂದ ಅದನ್ನೇ ನೋಡುತ್ತಿದ್ದಳು.

"ಅಕ್ಕ. ಅದನ್ನ ವಾಪಸ್ ಕೊಟ್ಟು ಬಾ."

"ಯಾರಿಗೇ?"

"ಕೊಟ್ಟವನಿಗೆ. ನನಗೆ ಬೇಡ."

ನಾನು ಜಗಳದವಳಲ್ಲ. ಮೇಸ್ತ್ರಿ ರವಿಕೆ ಬಿಚ್ಚಿಸಿದಾಗಲೂ ಬಾಯಿ ಬಿಟ್ಟವಳಲ್ಲ. ಅವತ್ತು ಕೈಗೆ ಗೋಣಿ ಸುತ್ತಿಕೊಂಡು ಹಾಸಿಗೆ ಎಳೆದೆ. ಬಾಗಿಲಿಗೆ ತರುವಷ್ಟರಲ್ಲಿ ಫಿಲೊಮೆನ್ ಅತ್ತೆ ಬಂದು ಇನ್ನೊಂದು ತುದಿ ಹಿಡಿದಳು. ಹೆಂಗಸರು ಚರ್ಚಿನಿಂದ ಬರುತ್ತಿದ್ದರು. ಕೈಬೆರಳುಗಳಿಗೆ ಚಿಂದಿ ಸುತ್ತಿಕೊಂಡು ಕೈ ಕೊಟ್ಟರು. ಹೆಣ ಹೊರುವ ಹಾಗೆ ಹೊತ್ತು ಇಳಿದೆವು, ಮಾರ್ಸಲಿನ್ ಹಿಂದೆ ಬಂದ. ಗಿರಣಿಗಳನ್ನು ಒಂದೊಂದಾಗಿ ದಾಟಿ ಹೊಳೆಯ ಪಕ್ಕದ ದಾರಿಯಲ್ಲಿ ಹತ್ತಿದೆವು. ಮೇಲೆ ಹೋದಷ್ಟೂ ನೀರು ತಿಳಿಯಾಗುತ್ತಿತ್ತು. ಅಷ್ಟು ಮೇಲೆ ನಮ್ಮಲ್ಲಿ ಬಹಳ ಜನ ಹೋಗಿರಲೇ ಇಲ್ಲ. ಹೋದವರು ಹಿತ್ತಲಿನ ಅಡುಗೆಮನೆ ಬಾಗಿಲಿಗೆ ಹೋಗಿದ್ದರು. ಮುಂಬಾಗಿಲಿಗೆ ಅಲ್ಲ.

ನಾವು ಮುಂಬಾಗಿಲಿಗೆ ಹೋದೆವು. ಕಲ್ಲಿನ ಮೆಟ್ಟಿಲ ಮೇಲೆ ಹಾಸಿಗೆ ಹಾಸಿದೆವು. ಹೊಸ್ತಿಲಿಗೆ ತಾಗುವ ಹಾಗೆ.

ಭಾನುವಾರದ ಊಟ ನಡೆದಿತ್ತು. ಧಣಿ ಬಾಗಿಲು ತೆರೆದು ಬಂದ, ಕೊರಳಿಗೆ ಸಿಕ್ಕಿಸಿದ ಬಿಳಿ ಬಟ್ಟೆ ಹಾಗೇ ಇತ್ತು. ಅವನ ಹಿಂದೆ ಡಾಕ್ಟರು, ಕೈಯಲ್ಲಿ ಲೋಟ.

"ಇದೇನು? ಭಾನುವಾರ ಇದೇನು ಗದ್ದಲ?"

ಗದ್ದಲ ಇರಲಿಲ್ಲ. ಹೊಳೆಯ ಸದ್ದು ಮಾತ್ರ.

"ನಿಮ್ಮ ಉಡುಗೊರೆ ಧಣಿ," ಎಂದೆ. "ಚೆನ್ನಾಗಿ ಹಿಂಜಿದ್ದೇವೆ. ಉಂಡೆ ಇಲ್ಲ. ಒಂದು ಗಳಿಗೆ ಮಲಗಿ ನೋಡಿ."

"ಹುಚ್ಚು ಹಿಡೀತಾ ನಿನಗೆ?"

"ಮಲಗಿ ಧಣಿ. ಒಂದೇ ಗಳಿಗೆ. ಶೂ ಬಿಚ್ಚೋದೂ ಬೇಡ. ನೀವು ಮಲಗಿದರೆ ನಾನು ಅಲ್ಬಾನಿಗೆ ಸೊಳ್ಳೆ ಕಚ್ಚಿದ್ದು ಅಂತ ಹೋಗಿ ಹೇಳ್ತೀನಿ. ಇವರೆಲ್ಲ ನಾಳೆ ಕೆಲಸಕ್ಕೆ ಬರ್ತಾರೆ."

ಧಣಿ ಹಾಸಿಗೆಯನ್ನು ನೋಡಿದ. ಗಾಳಿಗೆ ಹೊಲಿಗೆಯ ಸಂದಿಯಿಂದ ಒಂದು ಎಳೆ ಉಣ್ಣೆ ಎದ್ದು ಅವನ ಶೂವಿನ ಕಡೆ ತೇಲಿತು. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಒಂದೇ ಹೆಜ್ಜೆ. ಕೊರಳ ಬಿಳಿ ಬಟ್ಟೆಯನ್ನು ಕಿತ್ತು ಮೂಗಿಗೆ ಹಿಡಿದ.

ಎಲ್ಲರೂ ನೋಡಿದರು.

ನಾನು ಡಾಕ್ಟರ ಕಡೆ ತಿರುಗಿದೆ. "ಧಣಿಗೆ ಆಗಲ್ಲವಂತೆ. ನೀವು ಮಲಗಿ. ಸೊಳ್ಳೆ ತಾನೇ."

ಡಾಕ್ಟರು ಲೋಟವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ. ಲೋಟ ವಾಲಿ ವೈನು ಅಂಗಿಯ ತೋಳಿಗೆ ಚೆಲ್ಲಿತು.

"ಮಲಗಯ್ಯ!" ಫಿಲೊಮೆನ್ ಅತ್ತೆ ಕೂಗಿದಳು. "ಇಲ್ಲಾಂದ್ರೆ ಹೆಸರು ಹೇಳು!"

"ಪೊಲೀಸರಿಗೆ ಹೇಳಿಕಳಿಸ್ತೀನಿ," ಎಂದ ಧಣಿ.

"ಕಳಿಸಿ," ಎಂದೆ. "ಅವರಿಗೂ ಮಲಗೋಕೆ ಹೇಳ್ತೀವಿ."

ಡಾಕ್ಟರು ಧಣಿಯ ಮುಖ ನೋಡಲಿಲ್ಲ. ಹಾಸಿಗೆಯನ್ನು ಬಳಸಿಕೊಂಡು, ಗೋಡೆಗೆ ಮೈ ಉಜ್ಜಿಕೊಂಡು ಇಳಿದು ಬಂದ. ಹೊಳೆದಾರಿಯಲ್ಲಿ ಅಂಚೆಮನೆಯ ಕಡೆ ನಡೆದ. ಮಾರ್ಸಲಿನ್ ಅವನ ಹಿಂದೆಯೇ ನಡೆದ, ಅವನು ಬೇರೆ ಕಡೆ ತಿರುಗದ ಹಾಗೆ. ಭಾನುವಾರ ಅಂಚೆಮನೆ ಮುಚ್ಚಿರುತ್ತದೆ. ಅಂಚೆಯವನನ್ನು ಊಟದಿಂದ ಎಬ್ಬಿಸಿ ತಂತಿ ಹೊಡೆಸಿದರು. ಅದರಲ್ಲಿ ಕಾಯಿಲೆಯ ಹೆಸರು ಇತ್ತು.

ಮನೆಗೆ ಬಂದೆ. ಅಲ್ಬಾನಿಯ ಉಸಿರು ಗೊರಗೊರ ಎನ್ನುತ್ತಿತ್ತು. ನನ್ನ ಹೆಜ್ಜೆ ಕೇಳಿ ಕೈ ಚಾಚಿದಳು.

"ಕೊಟ್ಟೆಯಾ?"

"ಕೊಟ್ಟೆ. ಮಲಗಿ ಅಂದೆ."

"ಮಲಗಿದ್ನಾ?"

"ಇಲ್ಲ. ಹಿಂದಕ್ಕೆ ಸರಿದ."

ಅವಳು ನನ್ನ ಕೈ ಹಿಡಿದುಕೊಂಡಳು.

"ಹಾಗಾದ್ರೆ ಅವನಿಗೆ ಗೊತ್ತಿತ್ತು," ಎಂದಳು.

ಆಮೇಲೆ ಅವಳು ಆಡಿದ್ದು ಜ್ವರದ ಮಾತು. ಮದ್ದು ಮರುದಿನದ ರೈಲಿಗೆ ಬಂತು. ಮಾರ್ಸಲಿನ್ ಗಾಡಿ ಬಿಟ್ಟು ಕುದುರೆಯ ಬೆನ್ನ ಮೇಲೆ ತಂದ. ಅಷ್ಟರಲ್ಲಿ ನಾನು ಅವಳ ಕಣ್ಣು ಮುಚ್ಚಿಸಿ ಆಗಿತ್ತು. ಒಂದನ್ನೇ ಮುಚ್ಚಬೇಕಾಗಿತ್ತು. ಜಡೆಯ ರಿಬ್ಬನ್ನು ಬಿಚ್ಚಿ ಒಲೆಗೆ ಹಾಕಿದೆ.

ಸೋಮವಾರ ಯಾರೂ ಗಿರಣಿಗೆ ಇಳಿಯಲಿಲ್ಲ. ಕೆಳಗಿನ ಗಿರಣಿಗಳವರೂ ಇಳಿಯಲಿಲ್ಲ. ಪೊಲೀಸರು ಬಂದರು, ಫಿಲೊಮೆನ್ ಅತ್ತೆಯನ್ನೂ ನನ್ನನ್ನೂ ಕರೆದೊಯ್ದರು, ಬಿಟ್ಟರು. ಸರ್ಕಾರದವರು ಬಂದು ಮಾಳಿಗೆಯ ಉಣ್ಣೆ ಮಾತ್ರ ಸುಟ್ಟರು. ಗಿರಣಿಗೆ ಬೀಗ ಬಿತ್ತು, ಮತ್ತೆ ತೆರೆಯಿತು, ರೋಗದಿಂದ ಸತ್ತ ಕುರಿಯ ತೊಗಲು ಬಿಚ್ಚುವುದಿಲ್ಲ ಎಂದು ನಾವು ಹಟ ಹಿಡಿದು ಒಪ್ಪಿಸಿದ ಮೇಲೆ. ನನಗೆ ಮಾತ್ರ ಆ ಕಣಿವೆಯಲ್ಲಿ ಯಾರೂ ಮತ್ತೆ ಕೆಲಸ ಕೊಡಲಿಲ್ಲ. ಬದುಕಿದೆ. ಚೆಸ್ಟ್‌ನಟ್ ಆರಿಸಿ, ಬೇರೆಯವರ ಬಟ್ಟೆ ಒಗೆದು ಬದುಕಿದೆ.

ಹಾಸಿಗೆ ಮೆಟ್ಟಿಲ ಮೇಲೇ ಉಳಿಯಿತು. ಆಳುಗಳು ಮುಟ್ಟಲಿಲ್ಲ. ರುವಾನೆ ಮುಟ್ಟಲಿಲ್ಲ. ಬೇಸಿಗೆ ಕಳೆಯುವ ತನಕ ಧಣಿ, ಅವನ ಹೆಂಡತಿ, ಮಕ್ಕಳು, ಊಟಕ್ಕೆ ಬಂದ ದೊಡ್ಡವರು, ಎಲ್ಲ ಹಿತ್ತಲಿನ ಅಡುಗೆಮನೆ ಬಾಗಿಲಿನಿಂದ ಓಡಾಡಿದರು. ಕಡೆಗೆ ಹೊರಗಿನಿಂದ ಯಾರನ್ನೋ ಕರೆಸಿ, ಎಣ್ಣೆ ಸುರಿದು ಅಲ್ಲೇ ಸುಟ್ಟರು. ಕಲ್ಲು ಕಪ್ಪಾಯಿತು. ಆದರೆ ಅಷ್ಟರಲ್ಲಿ ಗವುಸು ಹರಿದಿತ್ತು. ಗಾಳಿ ಉಣ್ಣೆಯನ್ನು ಅಂಗಳದ ತುಂಬ ಒಯ್ದಿತ್ತು, ದೇವದಾರಿನ ಬುಡದ ತನಕ.

ಮುಂದಿನ ವಸಂತದಲ್ಲಿ ಮೆಟ್ಟಿಲ ಸಂದಿಯಲ್ಲಿ ಒಂದು ಗಿಡ ಹುಟ್ಟಿತು. ನಮ್ಮ ಕಡೆಯ ಗಿಡ ಅಲ್ಲ. ನೆಲಕ್ಕೆ ಹರಡಿಕೊಂಡು ಸಣ್ಣ ಹಳದಿ ಹೂ ಬಿಟ್ಟಿತು. ಆಮೇಲೆ ಕಾಯಿ. ಕಪ್ಪು, ಎರಡು ಕೊಕ್ಕೆ. ಧಣಿ ಕೀಳಿಸಿದ. ಮತ್ತೆ ಬಂತು. ಬಿಸಿನೀರು ಸುರಿಸಿದ. ಮತ್ತೆ ಬಂತು.

ಗಿರಣಿಗಳು ಮುಚ್ಚಿ ಬಹಳ ವರ್ಷ ಆಯಿತು. ಹೊಳೆ ಈಗ ತಿಳಿ. ವೇಸಾದರವರು ಮನೆ ಮಾರಿ ಹೋದರು. ಬೇಸಿಗೆಯಲ್ಲಿ ಪಟ್ಟಣದವರು ಬಾಡಿಗೆಗೆ ಬರುತ್ತಾರೆ. ಕಣಿವೆ ತಂಪು, ಗಾಳಿ ಶುದ್ಧ ಎನ್ನುತ್ತಾರೆ. ನಾನು ಕೋಲೂರಿಕೊಂಡು ಹೋಗಿ ಆ ಮೆಟ್ಟಿಲುಗಳನ್ನು ನೋಡಿ ಬರುತ್ತೇನೆ, ವರ್ಷಕ್ಕೊಮ್ಮೆ, ಅವಳ ಮದುವೆ ಆಗಬೇಕಿದ್ದ ಹೊತ್ತಿಗೆ. ಹೋದ ಸಲ ಒಬ್ಬಳು ತಾಯಿ ಅಲ್ಲಿ ಕೂತು ತನ್ನ ಮಗಳ ಕಾಲುಚೀಲದಿಂದ ಏನನ್ನೋ ಕೀಳುತ್ತಿದ್ದಳು.

"ಅಜ್ಜಿ, ಇದೇನು ಮುಳ್ಳು? ಬಿಡೋದೇ ಇಲ್ವಲ್ಲ," ಎಂದು ಕೇಳಿದಳು.

"ಕೀಳಬೇಡ," ಎಂದೆ. "ಕಾಲುಚೀಲ ಸಮೇತ ಸುಡು. ಆಮೇಲೆ ಮಗುವಿನ ಕಾಲು ತೋರಿಸು."

ಅವಳು ನಕ್ಕಳು. ಮಗು ಕಾಲು ಚಾಚಿತು. ಹಿಮ್ಮಡಿಯ ಮೇಲೆ ಒಂದು ಸಣ್ಣ ಗೀರು.

"ನೋಯುತ್ತಾ ಮಗಳೇ?" ಎಂದು ಕೇಳಿದೆ.

"ತುಂಬ ನೋಯುತ್ತೆ," ಎಂದು ಅದು ಅಳತೊಡಗಿತು.

ನಾನು ಆ ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟೆ. ಕೂತದ್ದು ಅದೇ ಮೊದಲು.